ಎಡಗಡೆಯ ಸೀಟು

ತೊಮೆಲಿಲ್ಲಾ
ಜೂನ್ 3, 2003, ಮಂಗಳವಾರ

ನನ್ನ ಮುದ್ದು ಟೋವೆ,

ಭಾನುವಾರ ನೀನು ಫೋನು ಕುಕ್ಕಿದ ಸದ್ದು ಇನ್ನೂ ಕಿವಿಯಲ್ಲಿದೆ. ದೂರುತ್ತಿಲ್ಲ, ತಪ್ಪು ತಿಳಿಯಬೇಡ. ಫೋನು ಕುಕ್ಕುವುದು ನಿನಗೆ ನಿನ್ನಮ್ಮನ ಕಡೆಯಿಂದ ಬಂದದ್ದು. ಅವಳಾದರೆ ಕುಕ್ಕಿದ ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಮಾಡಿ, 'ಎಲ್ಲಿಗೆ ನಿಲ್ಲಿಸಿದ್ದೆ ನಾನು?' ಎನ್ನುತ್ತಿದ್ದಳು. ನೀನೂ ಹಾಗೆ ಮಾಡಬಹುದು ಅಂತ ಫೋನಿನ ಪಕ್ಕದಲ್ಲೇ ಕೂತು ಕಾಫಿ ಕುಡಿದೆ, ಏಲಕ್ಕಿ ಬನ್ನು ತಿಂದೆ, ಇನ್ನೊಂದು ತಿಂದೆ. ಆಮೇಲೆ ಕಾಗದ ತೆಗೆದೆ. ಬರೆಯುವುದಾದರೆ ನೀನು ನಡುವೆ ಬಾಯಿ ಹಾಕಲಾರೆಯಲ್ಲ.

ನೀನು ಹೇಳಿದ್ದೆಲ್ಲ ಸರಿ. ಸುಟ್ಟವರ ಬೂದಿಯನ್ನು ವರ್ಷದೊಳಗೆ ಮಣ್ಣಿಗಿಡಬೇಕು ಅನ್ನುವ ಕಾನೂನು ನನಗೂ ಗೊತ್ತು. ನಿನ್ನಮ್ಮನ ವರ್ಷ ಈ ಹದಿನೇಳಕ್ಕೆ ಮುಗಿಯುತ್ತದೆ. ರೋರುಮ್ ಚರ್ಚಿನ ಅಂಗಳದಲ್ಲಿ, ಅವಳ ಅಪ್ಪ ಅಮ್ಮನ ಪಕ್ಕದಲ್ಲಿ, ಸಮುದ್ರದ ಗಾಳಿ ಬೀಸುವಲ್ಲಿ ಜಾಗ ಕಾದಿದೆ. ಎರಡು ಸಲ ದಿನ ಗೊತ್ತಾಯಿತು, ಎರಡು ಸಲವೂ ಮುಂದೂಡಿದವನು ನಾನೇ. 'ಅಪ್ಪಾ, ಅಮ್ಮ ಅಲ್ಲಿ ಯಾರದೋ ಕಪಾಟಿನಲ್ಲಿ ಕೂತಿದ್ದಾಳೆ, ನೀನಿಲ್ಲಿ ಗುಜರಿ ಜೊತೆ ಆಡ್ತಾ ಇದ್ದೀಯ. ಶುಕ್ರವಾರದೊಳಗೆ ದಿನ ಹೇಳ್ಲಿಲ್ಲ ಅಂದ್ರೆ ಅಂತ್ಯಕ್ರಿಯೆಯವರ ವ್ಯಾನಿನಲ್ಲೇ ಕಳಿಸಿಬಿಡ್ತೀನಿ' ಅಂದೆ ನೀನು. ಇಂದು ಮಂಗಳವಾರ. ಅದಕ್ಕೇ ಅವಸರ.

ಟೋವೆ, ಆ ಕರಿ ವ್ಯಾನು ಬೇಡ. ಆಸ್ಪತ್ರೆಯ ಕೊನೆಯ ವಾರದಲ್ಲಿ ನಿನ್ನಮ್ಮ ನನ್ನಲ್ಲಿ ಕೇಳಿಕೊಂಡದ್ದು ಒಂದೇ. 'ನನ್ನ ಕಾರಲ್ಲಿ ಕರಕೊಂಡು ಹೋಗು. ಚಾವಣಿ ಮಡಚಿ. ಮಳೆ ಬಂದರೂ ಮಡಚೇ ಇರಲಿ, ನನಗೇನು ಶೀತ ಆಗತ್ತಾ?' ಆಗ ನಾನು ಹೂಂ ಅಂದೆ. ಹೂಂ ಅನ್ನುವಾಗ ಕಾರು ಹದಿನಾಲ್ಕು ವರ್ಷದಿಂದ ಕೊಟ್ಟಿಗೆಯಲ್ಲಿ, ಕೋಳಿಗಳ ವಶದಲ್ಲಿ ಇತ್ತು.

ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯ ಏವರ್ಟ್ ತನ್ನ ಟ್ರ್ಯಾಕ್ಟರಿನಿಂದ ಅದನ್ನು ಹೊರಕ್ಕೆಳೆದ. ಹಸಿರು ಬಣ್ಣ ಇತ್ತು ಅನ್ನುವುದಕ್ಕೆ ನನ್ನ ನೆನಪೇ ಸಾಕ್ಷಿ. ಬಾಗಿಲ ಕೆಳಗಿನ ಪಟ್ಟಿ ಬೆರಳಿಟ್ಟರೆ ಬಿಸ್ಕತ್ತಿನಂತೆ ಪುಡಿಯಾಯಿತು. ವಯರುಗಳನ್ನು ಇಲಿ ತಿಂದಿತ್ತು. ಬ್ರೇಕುಗಳು ಕಚ್ಚಿಕೊಂಡು ನಾಲ್ಕು ಚಕ್ರವೂ ನೆಲಕ್ಕೆ ಹೊಲಿದ ಹಾಗಿದ್ದವು. ಏವರ್ಟ್ ಸುತ್ತ ಒಂದು ಪ್ರದಕ್ಷಿಣೆ ಬಂದು, 'ಸರ್ವೇಯರ್ ಸಾಹೇಬ್ರೇ, ಬೂದಿನೂ ಇದನ್ನೂ ಒಂದೇ ಗುಂಡೀಲಿ ಹಾಕಿದ್ರೆ ಒಂದೇ ಖರ್ಚಲ್ಲಿ ಮುಗೀತಿತ್ತು' ಅಂದ. ಹಾಗಂದವನೇ ಮಾರನೆಯ ದಿನ ಬೆಸುಗೆ ಯಂತ್ರ ಹೊತ್ತುಕೊಂಡು ಬಂದ. ಅವನ ಬಾಯಿಗೂ ಕೈಗೂ ಎಂದೂ ಮಾತುಕತೆಯಿಲ್ಲ.

ಕಾರು ಇಂಗ್ಲಿಷರದು, ಅದರ ಜೊತೆಗೆ ಬಂದ ರಿಪೇರಿ ಪುಸ್ತಕವೂ ಇಂಗ್ಲಿಷಿನದು. ನಿನ್ನಪ್ಪ ಕಾಲೇಜಿನಲ್ಲಿ ಇಂಗ್ಲಿಷ್ ಓದಿದವನು ಅಂತ ನಿನ್ನಮ್ಮ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ನಮ್ಮ ಮೇಷ್ಟ್ರು ಕಲಿಸಿದ್ದು ಹವಾಮಾನ ವಿಚಾರಿಸುವುದು, ಚಹಾ ಕೇಳುವುದು, ರಾಣಿಯ ಆರೋಗ್ಯ ಹಾರೈಸುವುದು. ಬ್ರೇಕಿನ ಬಗ್ಗೆ ಆ ಮಹಾನುಭಾವರು ಒಂದಕ್ಷರ ಆಡಿರಲಿಲ್ಲ. ಪುಸ್ತಕದಲ್ಲಿ ಬ್ರೇಕುಗಳನ್ನು 'ಬ್ಲೀಡ್' ಮಾಡಿ ಅಂತಿತ್ತು. ಬ್ಲೀಡ್ ಅಂದರೆ ರಕ್ತ ಸುರಿಯುವುದು ಅಂತ ಎಲ್ಲೋ ನೆನಪು. ನಿಘಂಟು ನೋಡಿದೆ, ನೆನಪು ಸರಿಯೇ. ಎಣ್ಣೆ ಕೊಳವೆಯಲ್ಲಿ ಸೇರಿಕೊಂಡ ಗಾಳಿಯನ್ನು ಎಣ್ಣೆಯ ಜೊತೆ ಹರಿಸಿ ಹೊರಗೆ ಹಾಕುವುದಕ್ಕೆ ಅವರು ಇಟ್ಟ ಹೆಸರು. ಏವರ್ಟನಿಗೆ ಹೇಳಿದರೆ, 'ಇಂಗ್ಲಿಷಿನೋರು ಕಾರಿಗೂ ಜೀವ ಇದೆ ಅಂದ್ಕೊಂಡಿದಾರೆ ಸಾಹೇಬ್ರೇ, ಅದಕ್ಕೇ ಅದು ಅಷ್ಟು ಬೇಗ ಸಾಯೋದು' ಅಂದ.

ಚಳಿಗಾಲವೆಲ್ಲ ಹೀಗೆ ಹೋಯಿತು. ಕೊಟ್ಟಿಗೆಯಲ್ಲಿ ಸೀಮೆಎಣ್ಣೆ ಒಲೆ, ರೇಡಿಯೊ, ನಾವಿಬ್ಬರು ಮುದುಕರು. ಎಳೆದ ಚೋಕು ಒಳಕ್ಕೆ ಜಾರದಿರಲಿ ಅಂತ ಅವಳು ಅದರ ಗುಬುಟಿಗೆ ಸಿಕ್ಕಿಸುತ್ತಿದ್ದ ಬಟ್ಟೆ ಕ್ಲಿಪ್ಪು ಇನ್ನೂ ಅಲ್ಲೇ ಇತ್ತು. ಕನ್ನಡಿಯನ್ನು ನನ್ನ ಎತ್ತರಕ್ಕೆ ತಿರುಗಿಸಿಟ್ಟರೆ ಬೆಳಗ್ಗೆ ಬರುವಷ್ಟರಲ್ಲಿ ಅವಳ ಎತ್ತರಕ್ಕೆ ಇಳಿದಿರುತ್ತಿತ್ತು. ತಿರುಪು ಸಡಿಲ ಅಂತ ಬಿಗಿ ಮಾಡಿದೆ. ಮತ್ತೆ ಇಳಿದಿತ್ತು. ಹೊಸ ತಿರುಪು ಹಾಕಿದೆ. ಈಗಲೂ ಇಳಿಯುತ್ತದೆ. ಹಾಳಾಗಲಿ ಅಂತ ಅವಳ ಎತ್ತರಕ್ಕೇ ಬಿಟ್ಟು, ನಾನೇ ಬೆನ್ನು ಬಗ್ಗಿಸಿ ಕೂರುವುದು ರೂಢಿ ಮಾಡಿಕೊಂಡಿದ್ದೇನೆ.

ಇದರ ನಂತರದ್ದನ್ನು ನಿನಗೆ ಹೇಳಬೇಕೋ ಬೇಡವೋ ಅಂತ ಒಲೆಯ ಮೇಲಿನ ಆಲೂಗಡ್ಡೆ ಸೀಯುವವರೆಗೆ ಯೋಚಿಸಿದೆ. ಹೇಳುತ್ತೇನೆ.

ಬ್ರೇಕಿನ ಗಾಳಿ ತೆಗೆಯಲು ಇಬ್ಬರು ಬೇಕು. ಪುಸ್ತಕ ಪ್ರತಿ ಸಾಲಿನಲ್ಲೂ ಒಬ್ಬ 'ಅಸಿಸ್ಟೆಂಟ್' ಇರಲಿ ಅನ್ನುತ್ತದೆ. ಒಬ್ಬರು ಒಳಗೆ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ಎಣ್ಣೆ ಹೊರಬಿಡುವ ಪುಟ್ಟ ತಿರುಪನ್ನು ತೆರೆದು ಮುಚ್ಚಬೇಕು. ಹಿಂದೆಲ್ಲ ತುಳಿಯುತ್ತಿದ್ದವಳು ಅವಳು, ಕೆಳಗೆ ಮಲಗುತ್ತಿದ್ದವನು ನಾನು. 'ತುಳಿ' ಅಂದರೆ 'ತುಳಿದೆ' ಅನ್ನುತ್ತಿದ್ದಳು, 'ಬಿಡು' ಅಂದರೆ 'ಬಿಟ್ಟೆ'. ನಮ್ಮ ಸಂಸಾರದಲ್ಲಿ ಅವಳು ನನ್ನ ಮಾತು ಕೇಳಿದ್ದು ಅಷ್ಟು ಹೊತ್ತು ಮಾತ್ರ.

ಈ ಏಪ್ರಿಲಿನಲ್ಲಿ ಏವರ್ಟ್ ಮಂಡಿಯ ಆಪರೇಷನ್ನಿಗೆ ಆಸ್ಪತ್ರೆ ಸೇರಿದ. ಮಧ್ಯಾಹ್ನ, ಒಳ್ಳೆ ಬಿಸಿಲು. ಒಂದು ಸಲ ಎಣ್ಣೆ ಇಳಿಯುತ್ತದೆಯೇ ನೋಡೋಣ ಅಂತ ನಾನೊಬ್ಬನೇ ಹಿಂದಿನ ಚಕ್ರದ ಕೆಳಗೆ ಮಲಗಿದೆ. ತಿರುಪು ತೆರೆದೆ. ಬಾಯಿ ತನ್ನಷ್ಟಕ್ಕೆ 'ತುಳಿ' ಅಂದುಬಿಟ್ಟಿತು.

ಪೆಡಲಿನ ಸ್ಪ್ರಿಂಗು ಕಿರ್ರ್ ಅಂತು. ಎಣ್ಣೆ ಬಂತು, ಗುಳ್ಳೆ ಗುಳ್ಳೆಯಾಗಿ. ನಾನು ಮುಚ್ಚಿ 'ಬಿಡು' ಅಂದೆ. ಮತ್ತೆ ಕಿರ್ರ್. ಟೋವೆ, ಆಗ ಎದ್ದು ನೋಡಬೇಕಿತ್ತು ಅನ್ನುತ್ತೀಯ. ನೋಡಲಿಲ್ಲ. ನೋಡಿದರೆ ನಿಂತುಹೋಗುತ್ತದೆ ಅನ್ನಿಸಿತು. ತೆವಳುತ್ತಾ ನಾಲ್ಕು ಚಕ್ರವನ್ನೂ ಮುಗಿಸಿದೆ, ಎಣ್ಣೆ ಗುಳ್ಳೆಯಿಲ್ಲದೆ ತಿಳಿಯಾಗಿ ಬರುವ ತನಕ. ಕೊನೆಗೆ ಎದ್ದಾಗ ಯಾರೂ ಇರಲಿಲ್ಲ. ಸೀಟಿನ ಮೇಲೆ ಬಿಸಿಲಿತ್ತು. ಪೆಡಲನ್ನು ಕೈಯಿಂದ ಒತ್ತಿದೆ, ಕಲ್ಲಿನಷ್ಟು ಗಟ್ಟಿ.

ಏವರ್ಟ್ ಬಂದಮೇಲೆ ಕೇಳಿದ. ಎಣ್ಣೆ ತಾನೇ ಇಳಿಯಿತು ಅಂದೆ. 'ಇಳಿಯತ್ತೆ ಸಾಹೇಬ್ರೇ, ಭೂಮಿ ಎಳೀತದೆ. ಇದಕ್ಕೆ ಕಾಲೇಜು ಬೇಕಾ?' ಅಂದ. ಸ್ಪ್ರಿಂಗಿನ ಸದ್ದಿನ ವಿಷಯ ಅವನಿಗೆ ಹೇಳಲಿಲ್ಲ. ನಿನಗೆ ಹೇಳಿದ್ದೇನೆ. ವೈದ್ಯರಿಗೆ ಫೋನು ಮಾಡಬೇಕು ಅನ್ನಿಸಿದರೆ ಮಾಡು, ಆದರೆ ಹದಿನೇಳು ಕಳೆಯಲಿ.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಅಂದಿಗೆ ಕಾರು ಬಹುಮಟ್ಟಿಗೆ ಸಿದ್ಧವಾಗಿತ್ತು. ನಿನಗೆ ಆ ಬಿಡಿಭಾಗ ಬಂದಿಲ್ಲ, ಈ ಬಿಡಿಭಾಗ ಬಂದಿಲ್ಲ ಅನ್ನುತ್ತಲೇ ಇದ್ದೆ. ಎಲ್ಲ ಬಂದಿತ್ತು. ದಿನಾ ಕೊಟ್ಟಿಗೆಗೆ ಹೋಗಿ ಅಗತ್ಯವಿಲ್ಲದ ಒಂದು ನಟ್ಟು ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಕಾರು ರಸ್ತೆಗಿಳಿದರೆ ಅವಳು ಮಣ್ಣಿಗಿಳಿಯುತ್ತಾಳಲ್ಲ.

ನಿನ್ನ ಫೋನಿನ ನಂತರ, ನಿನ್ನೆ, ಅದನ್ನು ತಪಾಸಣೆಗೆ ಒಯ್ದೆ. ಓಡಾಟ ನಿಲ್ಲಿಸಿಟ್ಟ ಕಾರನ್ನು ತಪಾಸಣೆಗೆ ಮಾತ್ರ ಓಡಿಸಬಹುದಂತೆ, ಅದೂ ಹತ್ತಿರದ ದಾರಿಯಲ್ಲೇ, ಅಡ್ಡದಾರಿ ಹಿಡಿಯುವ ಹಾಗಿಲ್ಲ. ನಿನ್ನಮ್ಮ ಒಂದು ದಿನವೂ ಪಾಲಿಸದ ನಿಯಮ. ತಪಾಸಣೆಯ ಹೆಂಗಸು ಬೇರೆಲ್ಲ ಕಾರಿನಲ್ಲಿ ಓಡಿಸುವವರು ಕೂರುವ ಅಭ್ಯಾಸಬಲದಿಂದ ಎಡಗಡೆ ಹತ್ತಿ ಕೂತು, ಸ್ಟೇರಿಂಗು ಹುಡುಕಿ, ನಕ್ಕು, ಇಳಿದು, ಬಲಗಡೆಗೆ ಬಂದಳು. ಬ್ರೇಕು ಒತ್ತಿ ನೋಡಿ, 'ಇದರ ಗಾಳಿ ತೆಗೆದೋರು ಯಾರು? ಹೊಸ ಕಾರಿಗೂ ಹೀಗಿರಲ್ಲ' ಅಂದಳು. 'ನಾನು ಮತ್ತೆ ನನ್ನ ಹೆಂಡತಿ' ಅಂದೆ. 'ಅವರ ಕಾಲು ಗಟ್ಟಿ ಕಣ್ರೀ, ಹೇಳಿ ಅವರಿಗೆ' ಅಂದಳು. ಹೇಳುತ್ತೇನೆ ಅಂದೆ. ಕಾರು ಪಾಸು.

ಬರುವಾಗ ಗೊಬ್ಬರದ ಟ್ಯಾಂಕು ಎಳೆಯುವ ಟ್ರ್ಯಾಕ್ಟರ್ ಒಂದು ಮುಂದೆ ಸಿಕ್ಕಿತು. ತಲೆಯ ಮೇಲೆ ಚಾವಣಿಯಿಲ್ಲ, ಮೂಗಿಗೆ ದಿಕ್ಕಿಲ್ಲ. ಅದರ ಹಿಂದೆಯೇ ನಿಧಾನವಾಗಿ ಬಂದೆ. ಆ ವಿಷಯ ಅಷ್ಟಕ್ಕೆ ಬಿಡೋಣ.

ಟ್ರ್ಯಾಕ್ಟರ್ ಅಂದಾಗ ನಿನಗೂ ನೆನಪಾಗಬೇಕು. ನಿನ್ನಮ್ಮ ಆ ಕಾರು ಕೊಂಡಾಗ ನಾವೆಲ್ಲ ರಸ್ತೆಯ ಎಡಕ್ಕೇ ಓಡಿಸುತ್ತಿದ್ದೆವು, ಬಲಗಡೆಯ ಸ್ಟೇರಿಂಗು ಸರಿಯಾಗಿಯೇ ಇತ್ತು. ಮಾರನೆಯ ವರ್ಷ ಒಂದು ಭಾನುವಾರ ಬೆಳಗ್ಗೆ ಇಡೀ ಸ್ವೀಡನ್ ರಸ್ತೆಯ ಬಲಕ್ಕೆ ಸರಿಯಿತು. 'ದೇಶ ಪಕ್ಷಾಂತರ ಮಾಡ್ತು, ನನ್ನ ಕಾರು ಮಾತ್ರ ನಿಯತ್ತಿನದು' ಅನ್ನುತ್ತಿದ್ದಳು. ಅಂದಿನಿಂದ ಮುಂದಿನ ಗಾಡಿಯನ್ನು ಹಿಂದೆ ಹಾಕುವಾಗ ಅದರಾಚೆ ಎದುರಿಗೆ ಏನು ಬರುತ್ತಿದೆ ಅಂತ ಬಲಗಡೆ ಕೂತ ಅವಳಿಗೆ ಕಾಣುತ್ತಿರಲಿಲ್ಲ, ಎಡಗಡೆ ಕೂತ ನನಗೆ ಕಾಣುತ್ತಿತ್ತು. ಅವಳು ಕೈಕಾಲು, ನಾನು ಕಣ್ಣು. 'ಈಗಾ?' 'ಇನ್ನೂ ಇಲ್ಲ.' 'ಈಗಾ?' 'ತಡಿ ಮಾರಾಯ್ತಿ.' 'ನಿನ್ನ ಜಾಗದಲ್ಲಿ ನಾನು ಕೂತಿದ್ರೆ ಇಷ್ಟೊತ್ತಿಗೆ ಮನೆ ಸೇರಿ ಅಡುಗೇನೂ ಆಗಿರ್ತಿತ್ತು!' ನೀನು ಸೀಟಿನ ಹಿಂದೆ, ಪೆಟ್ಟಿಗೆ ಇಡುವ ಸಂದಿಯಲ್ಲಿ ಕಂಬಳಿ ಹೊದ್ದು ಮಲಗಿ, ಏನೂ ಕಾಣದೆ 'ಈಗ! ಈಗ!' ಅಂತ ಅರಚುತ್ತಿದ್ದೆ. ತಾಯಿಗೆ ತಕ್ಕ ಮಗಳು. ನಾನು ಒಪ್ಪುವವರೆಗೆ ಅವಳು ಒಂದು ಸಲವೂ ಸ್ಟೇರಿಂಗು ತಿರುಗಿಸಲಿಲ್ಲ. ಬೈಯುತ್ತಿದ್ದಳು, ಆದರೆ ತಿರುಗಿಸುತ್ತಿರಲಿಲ್ಲ.

ಈಗ ಬಲಗಡೆ ನಾನು. ಎಡಗಡೆ ಅವಳು ಕೂತವಳೇ ಅಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ವ್ಯಾನು ಬೇಡ ಅಂತ ಅವರಿಗೆ ಹೇಳಿಬಿಡು. ಹದಿನಾಲ್ಕನೇ ತಾರೀಕು ಶನಿವಾರ ಬೆಳಗ್ಗೆ ರೈಲಿನಲ್ಲಿ ಬಾ. ನಾನು ಪಾದ್ರಿಯವರ ಹತ್ತಿರ ಮಾತಾಡಿದ್ದೇನೆ, ಈ ಸಲ ಮುಂದೂಡುವುದಿಲ್ಲ, ಅವಳಾಣೆ. ಸ್ಟೇಷನ್ನಿಗೆ ಕಾರಿನಲ್ಲೇ ಬರುತ್ತೇನೆ. ಇಬ್ಬರೂ ಹೋಗಿ ಅವಳನ್ನು ಕರೆದುಕೊಳ್ಳೋಣ. ನೀನು ಎಡಗಡೆ ಕೂತು ಬೂದಿಯ ಭರಣಿಯನ್ನು ತೊಡೆಯ ಮೇಲಿಟ್ಟುಕೋ. ಸೀಟಿನ ಮೇಲೆ ಅದೊಂದನ್ನೇ ಇಟ್ಟರೆ ತಿರುವಿನಲ್ಲಿ ಉರುಳುತ್ತದೆ. ಅದೇ ಕಾರಣ. ಕೂದಲಿಗೆ ಬಟ್ಟೆ ಕಟ್ಟಿಕೊ, ಬೆಚ್ಚಗಿನ ಕೋಟು ತಾ. ಸಾಸಿವೆ ಹೊಲಗಳ ಹಳದಿ ಅಷ್ಟೊತ್ತಿಗೆ ಮುಗಿದಿರುತ್ತದೆ, ಆದರೆ ಸಮುದ್ರ ಅಲ್ಲೇ ಇರುತ್ತದೆ. ಮಣ್ಣಿಗಿಟ್ಟ ಮೇಲೆ ಬಂದರಿನಲ್ಲಿ ಹುರಿದ ಹೆರಿಂಗ್ ಮೀನು ತಿನ್ನೋಣ. ಅವಳೂ ಅದನ್ನೇ ಮಾಡುತ್ತಿದ್ದಳು.

ಫೋನು ಮಾಡು. 'ಎಲ್ಲಿಗೆ ನಿಲ್ಲಿಸಿದ್ದೆ ನಾನು?' ಅಂದರೆ ಸಾಕು.

ನಿನ್ನನ್ನು ಯಾವಾಗಲೂ ನೆನೆಯುವ, ನಿಧಾನದ
ಅಪ್ಪ, ಹೋಲ್ಗೆರ್

ಮರೆತ ಮಾತು: ಮರೆತದ್ದಲ್ಲ, ಲಕೋಟೆ ಅಂಟಿಸಿ ಮತ್ತೆ ಕಿತ್ತೆ. ನಿನ್ನೆ ನಾನು ಊರಿನವರೆಗೂ ಟ್ರ್ಯಾಕ್ಟರಿನ ಹಿಂದೆ ಬರಲಿಲ್ಲ. ಸೇಬಿನ ತೋಟದ ಹತ್ತಿರ ಬೇಸರವಾಗಿ, ಅವಳ ಹಳೇ ಚಾಳಿಯಂತೆ, 'ಈಗಾ?' ಅಂತ ಬಾಯಿಬಿಟ್ಟು ಕೇಳಿದೆ. ಎಡಗಡೆಯಿಂದ 'ಈಗ' ಅಂತ ಬಂತು. ಅವಳದೇ ದನಿ, ಪಕ್ಕದಲ್ಲೇ. ಅವಳು ನನ್ನ ಮಾತನ್ನು ನಂಬುತ್ತಿದ್ದ ಹಾಗೇ ನಾನೂ ನಂಬಿ ತಿರುಗಿಸಿದೆ. ಎದುರಿಗೆ ಹಾಲಿನ ಲಾರಿ ಇತ್ತು. ನಾವಿಬ್ಬರೂ ಸೇರಿ ಗಾಳಿ ತೆಗೆದ ಬ್ರೇಕು ಹಿಡಿಯಿತು, ಇಲ್ಲದಿದ್ದರೆ ನಿನಗೆ ಈ ಕಾಗದ ಬರುತ್ತಿರಲಿಲ್ಲ. ಅವಳು ನನ್ನನ್ನು ತನ್ನ ಬಳಿಗೆ ಕರೆದಳೋ, ಇಲ್ಲ ಎಂದಿನಂತೆ ಅವಸರಪಟ್ಟಳೋ, ನನಗೆ ಗೊತ್ತಿಲ್ಲ. ಭರಣಿ ಉರುಳುವುದು ನೆಪ, ಟೋವೆ. ಎಡಗಡೆ ನೀನೇ ಕೂರಬೇಕು. 'ಈಗಾ?' ಅಂತ ಕೇಳಿದಾಗ ನನಗೆ ಎರಡು ದನಿ ಕೇಳಬಹುದು. ನಿನ್ನದು ಜೋರಾಗಿರಲಿ.