ಮ್ಯಾಚಿನ ದಿನ ನಿಲ್ಲುವ ರೈಲು

ತಂಗಿ ದೀಪಿಕಾ,

ಅಪ್ಪನ ಹೊಲದಲ್ಲಿ ಕಟ್ಟಿದ ಸ್ಟೇಡಿಯಂ ಸ್ಟೇಷನ್ನಿನಲ್ಲಿ ಮ್ಯಾಚ್ ಇದ್ದ ದಿನ ಮಾತ್ರ ರೈಲು ನಿಲ್ಲುತ್ತದೆ. ಹಾಗಾಗಿ ನಮ್ಮೂರಿನವರು ಈಗ ಪಂಚಾಂಗದ ಜೊತೆಗೆ ಮ್ಯಾಚಿನ ದಿನವನ್ನೂ ನೋಡಿ ಶುಭಕಾರ್ಯ ಇಟ್ಟುಕೊಳ್ಳುತ್ತಾರೆ. ನೆಂಟರು ಮದ್ದೂರಿನಲ್ಲಿ ಬಸ್ಸಿಗೆ ಕಾದು ಒದ್ದಾಡುವುದು ತಪ್ಪುತ್ತದೆ. ನನ್ನ ಮಗಳ ನಾಮಕರಣವನ್ನು ನಿನ್ನೆ ಇಟ್ಟುಕೊಂಡದ್ದೂ ಹಾಗೆಯೇ.

ನೆಂಟರನ್ನು ಕರೆತರಲು ನಾನೇ ಹೋಗಿದ್ದೆ. ನಿಮ್ಮ ಮೈಸೂರಿನ ಕಡೆಯಿಂದ ಬಂದ ರೈಲಿನಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗರೇ ತುಂಬಿದ್ದರು. ಅವರ ನಡುವೆ ನನ್ನ ಮಾವನವರು ತೊಟ್ಟಿಲು ಹೊತ್ತು ಇಳಿದರು.

"ಕಪ್ ಬಂತು, ದಾರಿ ಬುಡ್ರಲಾ!" ಎಂದು ಹುಡುಗರು ಕೂಗಿದರು. ಮಾವನಿಗೂ ನಗು ಬಂತು.

ಹೊಲ ಬಿಟ್ಟುಕೊಡುವಾಗ ಒಂದು ಮಾತು ಕೇಳಲಿಲ್ಲವೆಂದು ಸಿಟ್ಟು ಮಾಡಿಕೊಂಡು ಹೋದ ನೀನು ಮತ್ತೆ ಬಂದಿಲ್ಲ. ನಾಮಕರಣಕ್ಕೂ ನಾನು ಕರೆದಿರಲಿಲ್ಲ. ಆದರೂ ಎಲ್ಲರೂ ಇಳಿದು ರೈಲು ಹೊರಡುವವರೆಗೆ ನಿಂತಿದ್ದೆ.

ಮನೆಯಲ್ಲಿ ಹೊನ್ನಯ್ಯ ದೊಡ್ಡಪ್ಪ ಕೇಳಿದರು: "ಕೂಸಿನ ಕಿವೀಲಿ ಎಸ್ರು ಏಳಕ್ಕೆ ಸೋದರತ್ತೆ ಎಲ್ಲಲಾ?"

"ರೈಲು ಲೇಟು ಕಣ್ ದೊಡ್ಡಪ್ಪ."

"ನೆಂಟ್ರೆಲ್ಲ ಬಂದು ಕಾಪಿ ಕುಡುದ್ರಲ್ಲಲಾ. ಅವಳ್ಗೊಂದು ಬ್ಯಾರೆ ರೈಲಾ?"

ಯಾರೂ ನಗಲಿಲ್ಲ. ದೊಡ್ಡಮ್ಮ, "ತತ್ತಾ ಇಲ್ಲಿ, ನಾನೇ ಏಳ್ತೀನಿ" ಎಂದು ಕೂಸಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ತೊಟ್ಟಿಲಿಗೆ ಹಾಕಿ, ಬಂದವರಿಗೆ ಊಟ ಬಡಿಸಿದೆವು.

ಕೂಸನ್ನು ಇನ್ನೂ ಪಾಪು ಎಂದೇ ಕರೆಯುತ್ತಿದ್ದೇವೆ. ಮುಂದಿನ ತಿಂಗಳು ಇನ್ನೊಂದು ಮ್ಯಾಚ್ ಇದೆಯಂತೆ.

ನಿನ್ನ ಅಣ್ಣ