ಪಿಕಪ್ ಕುದಿಯುತ್ತಿದ್ದುದು ಯಾಕೆ

ಭಾನುವಾರ, ಮಾರ್ಚ್ ೧೨

ಪ್ರೀತಿಯ ತಮ್ಮ,

ನಾವಿಬ್ಬರೂ ಚೆನ್ನಾಗಿದ್ದೇವೆ. ಹೊಸ ಊರಿನ ಗ್ಯಾರೇಜಿನಲ್ಲಿ ನೀನೂ ಆರೋಗ್ಯವಾಗಿದ್ದೀಯ ಅಂದುಕೊಂಡಿದ್ದೇನೆ. ನೀನು ಹೋಗಿ ಎಂಟು ತಿಂಗಳಾದರೂ ನಾನು ಒಂದು ಸಾಲು ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಅಂತ ನೆಪ ಹೇಳಬಹುದು, ಆದರೆ ನನ್ನ ಸುಳ್ಳು ನಿನಗೆ ಕಾಗದದ ಮೇಲೂ ಗೊತ್ತಾಗುತ್ತದೆ. ಬರೆಯಲು ಮುಖವಿರಲಿಲ್ಲ, ಅಷ್ಟೇ.

ಇವತ್ತು ಬರೆಯದೆ ಇರಲಾಗಲಿಲ್ಲ. ನಮ್ಮ ಹಳೇ ಪಿಕಪ್ ಕುದಿಯುತ್ತಿದ್ದುದು ಯಾಕೆ ಅಂತ ಕೊನೆಗೂ ಸಿಕ್ಕಿತು. ಕಂಡುಹಿಡಿದವಳು ನಿನ್ನ ಅತ್ತಿಗೆ.

ಅದರ ರೋಗ ನಿನಗೆ ಗೊತ್ತಲ್ಲ. ಊರೊಳಗೆ ಪರಮ ಸಾಧು. ಹೆದ್ದಾರಿ ಹತ್ತಿ ಹತ್ತು ನಿಮಿಷ ಓಡಿಸಿದರೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ. ಲಾಂಡ್ರಿಯಿಂದ ಒಗೆದ ಹಾಸಿಗೆ ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ಆಸ್ಪತ್ರೆಗೆ ಹೊರಟ ನಿನ್ನ ಅತ್ತಿಗೆ ವಾರಕ್ಕೆರಡು ಸಲ ದಾರಿಬದಿಯಲ್ಲಿ ಬಾನೆಟ್ ಎತ್ತಿ ನಿಲ್ಲುತ್ತಿದ್ದಳು. ನಾನು ಮಾಡದ ಚಿಕಿತ್ಸೆಯಿಲ್ಲ. ರೇಡಿಯೇಟರ್ ತೊಳೆದೆ, ಮುಚ್ಚಳ ಬದಲಿಸಿದೆ, ಬೆಲ್ಟ್ ಬಿಗಿ ಮಾಡಿದೆ. ನೀರು ಬಿಸಿಯಾದಾಗ ತೆರೆದುಕೊಳ್ಳಬೇಕಾದ ಥರ್ಮೋಸ್ಟಾಟನ್ನು ಹಾಲಿನ ಪಾತ್ರೆಯಲ್ಲಿ ಹಾಕಿ ನೀರು ಕುದಿಸಿ ನೋಡಿದೆ. ಅದು ಸರಿಯಾಗಿಯೇ ತೆರೆದುಕೊಂಡಿತು, ಪಾತ್ರೆ ಮಾತ್ರ ಅಡುಗೆಮನೆಯಿಂದ ಶಾಶ್ವತವಾಗಿ ಹೊರಬಿತ್ತು. ಕೊನೆಗೆ ಕಳೆದ ವಾರ, ಎಂಜಿನ್ನಿನ ನೆತ್ತಿಗೆ ನೀನು ಕೂರಿಸಿದ ಸಿಲಿಂಡರ್ ಹೆಡ್ಡನ್ನೇ ಬಿಚ್ಚಿದೆ.

ತಮ್ಮ, ಆ ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಕೂದಲೆಳೆಯಷ್ಟು ಬೆಳಕೂ ತೂರಲಿಲ್ಲ. ಅಷ್ಟು ಸಲ ಕುದಿದ ಮೇಲೂ ಅದು ಸೊಟ್ಟಗಾಗಿರಲಿಲ್ಲ. ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಇಂಥ ಕೈಕೆಲಸವನ್ನು ನಾನು ಕಂಡಿಲ್ಲ, ಮಾಡಿಯೂ ಇಲ್ಲ. ಪಟ್ಟಿ ಹಿಡಿದುಕೊಂಡು ಬೆಂಚಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಇದೇ ಹೆಡ್ಡಿಗಲ್ಲವೇ, ಗಾಡಿ ಮೊದಲ ಸಲ ಕುದಿದ ದಿನ ಮೂವರು ಡ್ರೈವರುಗಳ ಎದುರು ನಾನು ನಿನಗೆ "ನಿನ್ನ ಕೈ ಕೆಟ್ಟಿದೆ, ಇನ್ಮೇಲೆ ಎಂಜಿನ್ ಮುಟ್ಬೇಡ" ಅಂದದ್ದು? ನೀನು ಕೈ ತೊಳೆದು ಹೊರಟುಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ನಾನು ಆ ಬೆಂಚಿನ ಮುಂದೆ ಕಲಿತೆ.

ಹೆಡ್ ಮತ್ತೆ ಕೂರಿಸಿದೆ. ನಿನ್ನೆ ನಿನ್ನ ಅತ್ತಿಗೆ ಬಂದವಳೇ, "ಓಡುವಾಗ ಕುದಿಯೋ ಗಾಡೀನ ಎಂಜಿನ್ ನಿಲ್ಲಿಸ್ಕೊಂಡು ನೋಡಿದ್ರೆ ಏನು ಸಿಗುತ್ತೆ? ನೀವು ಕೂತು ಆಕ್ಸಿಲರೇಟರ್ ಒತ್ತಿ, ನಾನು ನೋಡ್ತೀನಿ" ಅಂದಳು. ಎಂಜಿನ್ ಬಿಸಿಯಾದ ಮೇಲೆ ಒತ್ತಿದೆ. "ಇನ್ನೂ ಒತ್ತಿ. ಬಿಡಿ. ಮತ್ತೆ ಒತ್ತಿ." ಆಮೇಲೆ ನನ್ನನ್ನು ಇಳಿಸಿ ತಾನು ಕೂತಳು.

ಬಗ್ಗಿ ನೋಡಿದೆ. ರೇಡಿಯೇಟರಿನಿಂದ ಪಂಪಿಗೆ ನೀರು ಒಯ್ಯುವ ಕೆಳಗಿನ ಪೈಪು, ಅವಳು ಒತ್ತಿದಾಗಲೆಲ್ಲ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗುತ್ತಿತ್ತು. ಬಿಟ್ಟ ಕೂಡಲೇ ಉಬ್ಬಿ, ಏನೂ ಅರಿಯದ ಹಾಗೆ ಮೊದಲಿನಂತಾಗುತ್ತಿತ್ತು. ಎಂಜಿನ್ ಜೋರಾಗಿ ಓಡಿದಷ್ಟೂ ನೀರಿಗೆ ದಾರಿಯೇ ಇಲ್ಲ. ಎಂಟು ತಿಂಗಳು ಅದೇ ಪೈಪಿನ ಮೇಲೆ ಮೊಣಕೈ ಊರಿಕೊಂಡು ಬೇರೆಲ್ಲ ಹುಡುಕಿದವನು ನಾನು. "ನಮ್ಮ ಲಾಂಡ್ರಿ ಮೋಟರ್ ಪೈಪೂ ಹೀಗೇ ಅಂಟ್ಕೊಳ್ತಿತ್ತು, ಒಳಗೆ ಸುರುಳಿ ಹಾಕಿದ್ಮೇಲೆ ಸರಿಹೋಯ್ತು" ಅಂದಳು, ಹಾಲು ತರಲು ಹೇಳುವಷ್ಟು ಸಲೀಸಾಗಿ. ಇದರೊಳಗೂ ಒಂದು ಸ್ಪ್ರಿಂಗ್ ಇರಬೇಕಿತ್ತು. ಇರಲಿಲ್ಲ. ಹುಡುಕಿ ತಂದು ಹಾಕಿದೆ.

ಇವತ್ತು ಬೆಳಿಗ್ಗೆ ಹೆದ್ದಾರಿಯಲ್ಲಿ ಒಂದು ಗಂಟೆ ಹೋಗಿಬಂದೆವು. ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ದಾರಿಯುದ್ದಕ್ಕೂ ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಪುಣ್ಯಕ್ಕೆ ಓಡಿಸುತ್ತಿದ್ದವಳು ಅವಳು.

ನಿನ್ನ ಬೆಂಚಿನ ಮೇಲೆ ಬೇರೆಯವರಿಗೆ ಕೈಯಿಡಲು ಬಿಟ್ಟಿಲ್ಲ. ನನ್ನ ಮಾತನ್ನು ಹೊಟ್ಟೆಗೆ ಹಾಕಿಕೊಂಡು ವಾಪಸು ಬಾ. ಬಂದರೆ ಅದೇ ಡ್ರೈವರುಗಳನ್ನು ಕರೆಸಿ ಅವರ ಎದುರೇ ತಪ್ಪೊಪ್ಪಿಕೊಳ್ಳುತ್ತೇನೆ. ಬಾರದಿದ್ದರೂ ನಿನ್ನ ಕೈಗಳು ಸುಖವಾಗಿರಲಿ, ಎಲ್ಲೇ ಇರಲಿ ಅವಕ್ಕೆ ಬೆಲೆ ಸಿಗಲಿ ಅಂತ ಹರಸುತ್ತೇನೆ.

ನಿನ್ನ
ಅಣ್ಣ

ತಾ.ಕ.: ಮೇಲೆ ಒಂದು ಮಾತು ಬಿಟ್ಟಿದ್ದೇನೆ. ನೀನು ಹೆಡ್ ಕೂರಿಸಿ ಊಟಕ್ಕೆ ಹೋಗಿದ್ದಾಗ, ಕೆಳಗಿನ ಪೈಪು ಬಿರುಕು ಬಿಟ್ಟದ್ದು ಕಂಡು ಹೊಸದು ಹಾಕಿದವನು ನಾನು. ಹಳೆಯದರೊಳಗಿನ ಸ್ಪ್ರಿಂಗನ್ನು ಹೊಸದಕ್ಕೆ ದಾಟಿಸಬೇಕಿತ್ತು. ತುಕ್ಕು ಹಿಡಿದಿದೆ ಅಂತ ಗುಜರಿಗೆ ಎಸೆದೆ, ಮರೆತೂಬಿಟ್ಟೆ. ನಿನ್ನೆ ಪೈಪು ಚಪ್ಪಟೆಯಾದದ್ದು ಕಂಡಾಗ ಎಲ್ಲ ನೆನಪಾಯಿತು. "ಸ್ಪ್ರಿಂಗ್ ತೆಗೆದೋರು ಯಾರು?" ಅಂತ ನಿನ್ನ ಅತ್ತಿಗೆ ಕೇಳಿದಳು. ಆ ಹೆಡ್ ನೋಡಿ ಅಷ್ಟು ನಾಚಿದ ಮೇಲೂ, ತಮ್ಮ, ನಾನು ನಿನ್ನ ಹೆಸರೇ ಹೇಳಿದೆ. ಅವಳು "ಹೋಗ್ಲಿ ಬಿಡಿ, ತಪ್ಪು ಯಾರು ಮಾಡಲ್ಲ? ಬಾ ಅಂತ ಬರೀರಿ ಅವನಿಗೆ" ಅಂದಳು. ನೀನು ಮಾಡದ ತಪ್ಪಿಗೆ ನಿನ್ನನ್ನು ಕ್ಷಮಿಸಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈ ಕಾಗದವನ್ನು ಕವರಿಗೆ ಹಾಕಿ, ಅಂಟಿಸದೆ, ಅಂಚೆಗೆ ಹಾಕು ಅಂತ ಅವಳ ಕೈಗೇ ಕೊಡುತ್ತೇನೆ. ಓದದೆ ಹಾಕುವವಳಲ್ಲ ಅವಳು. ಇದು ನಿನ್ನ ಕೈ ಸೇರಿದರೆ, ಅವಳಿಗೆ ಗೊತ್ತಾಗಿದೆ ಅಂತ ತಿಳಿ.