ಕೆಳಗೆ ಅಂದರೆ ಮೊಣಕಾಲಲ್ಲ

ಮಂಗಳವಾರ, ಮಧ್ಯಾಹ್ನ ಎರಡೂವರೆ

ನನ್ನ ಗುಂಡಿಗೆ,

ಹೀಗೆ ಬರೆದ ಮೇಲೆ ನೋಡಿಕೊಂಡೆ. ಗುಂಡಿ ಅನ್ನೋ ಮಗಳಿಗೆ ಅಂತಲೂ ಓದಬಹುದು, ಎದೆಯೊಳಗಿನ ಗುಂಡಿಗೆ ಅಂತಲೂ ಓದಬಹುದು. ಹೇಗೆ ಓದಿದರೂ ನೀನೇ. ದರ್ಜಿಯ ಮಗಳಿಗೆ ಇದೇ ಸರಿ ಅಂತ ಆ ಹೆಸರಿಟ್ಟವರು ನಿಮ್ಮಪ್ಪ. ಹನ್ನೊಂದು ತಿಂಗಳಿಂದ ಅದನ್ನು ಬಾಯಿಬಿಟ್ಟು ಕರೆಯದೆ ಬಿಗಿದುಕೊಂಡು ಕೂತವಳು ನಾನು.

ಸಿಟ್ಟು ಯಾಕೆ ಅಂತ ನಿನಗೆ ಗೊತ್ತು. ಹೆಣ್ಣಿನ ಮೈ ಬಗ್ಗೆ ನಗೆಪುಸ್ತಕ ಬರೆದೆ, ಬರಿ. ಮೊದಲ ಪುಟದಲ್ಲೇ ನನ್ನನ್ನು ತಂದು ಕೂರಿಸಬೇಕಿತ್ತೇ? ನೀನು ದೊಡ್ಡವಳಾದ ದಿನ ನಾನು ಹೇಳಿದ್ದು ಎರಡೇ ಮಾತಂತೆ: ಇದು ಎಲ್ಲರಿಗೂ ಆಗುತ್ತೆ, ಯಾರಿಗೂ ಹೇಳಬೇಡ. ಅದನ್ನು ಓದಿಕೊಂಡು ಬಂದ ಬ್ಯಾಂಕಿನ ಮೇಡಂ ತೋಳಿನ ಅಳತೆ ಕೊಡುತ್ತಾ ನಕ್ಕ ರಭಸಕ್ಕೆ ಟೇಪೇ ಜಾರಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿ ನನ್ನ ಮಾನ ಬೀದಿಗೆ ತಂದೆ ಅಂತ ನಿನಗೆ ಫೋನಿನಲ್ಲಿ ಕೂಗಾಡಿದೆ. ನೀನು ಕಳಿಸಿದ ಪ್ರತಿಯನ್ನು ಹೊಲಿಗೆ ಮಷಿನ್ ಅಲ್ಲಾಡದಿರಲಿ ಅಂತ ಅದರ ಕಾಲಡಿ ಒತ್ತಿಟ್ಟೆ. ಒಳ್ಳೆಯ ದಪ್ಪ ಪುಸ್ತಕ, ಮಷಿನ್ ಮತ್ತೆ ಅಲ್ಲಾಡಲಿಲ್ಲ.

ಈಗ ನಡೆದದ್ದು ಹೇಳುತ್ತೇನೆ, ಗಾಬರಿಯಾಗಬೇಡ. ಆರು ವರ್ಷದ ಹಿಂದೆ ನಿಂತದ್ದು ನನಗೆ ಮತ್ತೆ ಶುರುವಾಯಿತು. ಮೊದಲ ಸಲ, ಪರವಾಗಿಲ್ಲವೇ, ನಿನಗಿನ್ನೂ ಪ್ರಾಯ ಇದೆ ಅಂತ ಕನ್ನಡಿ ಮುಂದೆ ನಿಂತು ಜಂಬಪಟ್ಟೆ. ಎರಡನೇ ಸಲ ಜಂಬ ಇಳಿಯಿತು. ಆಸ್ಪತ್ರೆಗೆ ಹೋದೆ.

ನನ್ನ ಅಳತೆ ಪುಸ್ತಕ ನೀನು ನೋಡಿದ್ದೀಯಲ್ಲ. ಮೇ, ಮ, ಕೆ. ಮೇಲೆ, ಮಧ್ಯ, ಕೆಳಗೆ. ಮೂವತ್ತೆರಡು ವರ್ಷ ಊರ ಹೆಂಗಸರನ್ನೆಲ್ಲ ಈ ಮೂರು ಅಕ್ಷರದಲ್ಲೇ ಹೊಲಿದು ಮುಗಿಸಿದ್ದೇನೆ, ನಾಲ್ಕನೆಯದು ಯಾರಿಗೂ ಬೇಕಾಗಿರಲಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು ಏನು ತೊಂದರೆ ಅಂತ ಕೇಳಿದಳು. ನನ್ನ ಹಿಂದೆ ಹದಿನೈದು ಜನ, ಅವರಲ್ಲಿ ನಮ್ಮ ಮನೆಗೆ ಹಾಲು ಹಾಕುವವರೂ ಒಬ್ಬರು. ಸಣ್ಣ ದನಿಯಲ್ಲಿ, ಕೆಳಗೆ ಅಂದೆ. ಕೆಳಗಾ ಅಂದಳು. ಹೂಂ, ಕೆಳಗೇ ಅಂದೆ. ಹಾಗಾದ್ರೆ ಮೆಟ್ಟಿಲಿಳಿದು ಎಡಕ್ಕೆ ಹೋಗಮ್ಮ, ಇಲ್ಲ್ಯಾಕೆ ನಿಂತಿದ್ದೀಯ ಅಂತ ಗದರಿ ಚೀಟಿ ಹರಿದುಕೊಟ್ಟಳು. ಇಳಿದು ಹೋದೆ. ಅದು ಮೂಳೆ ವಿಭಾಗ.

ವಾಪಸು ಬಂದುಬಿಡಬಹುದಿತ್ತಲ್ಲ ಅಂತೀಯಾ. ಅಷ್ಟು ಹೊತ್ತಿಗೆ ನನ್ನ ಸರದಿ ಬಂದಿತ್ತು. ಆ ಡಾಕ್ಟರಿಗೂ ಕೆಳಗೆ ತೊಂದರೆ ಅಂದೆ. ಎಷ್ಟು ಕೆಳಗೆ ಅಂತ ಕೇಳಿದರು. ನಾಚಿಕೆಗೆ ತಲೆ ತಗ್ಗಿಸಿದೆ, ಕಣ್ಣು ಮೊಣಕಾಲಿನ ಮೇಲೆ ಬಿತ್ತು. ಅವರು ಅದನ್ನೇ ಹಿಡಿದುಕೊಂಡರು. ಎರಡೂ ಮೊಣಕಾಲಿಗೆ ಎಕ್ಸರೇ ತೆಗೆಸಿ, ಮಷಿನ್ ತುಳಿಯುವವರಿಗೆಲ್ಲ ಇದು ಮಾಮೂಲು ಅಂತ ಮುಲಾಮು ಬರೆದುಕೊಟ್ಟರು. ಎರಡು ತಿಂಗಳು ದಿನಕ್ಕೆರಡು ಸಲ ಶ್ರದ್ಧೆಯಿಂದ ತಿಕ್ಕಿದೆ. ಸತ್ಯ ಹೇಳುತ್ತೇನೆ, ಮೊಣಕಾಲು ಈಗ ಚಿನ್ನದಂತಿವೆ. ರಕ್ತ ಹೋಗುವುದು ಮಾತ್ರ ನಿಲ್ಲಲಿಲ್ಲ.

ನಗಬೇಡ. ಹೋಗಲಿ, ನಗು. ನಾನೂ ಒಬ್ಬಳೇ ಕೂತು ನಕ್ಕಿದ್ದೇನೆ. ಆಮೇಲೆ ಒಂದು ಮಾತು ಬಾಯಿಗೆ ಬರದೆ ಎರಡು ತಿಂಗಳು ಕಳೆದೆನಲ್ಲ ಅಂತ ಹೆದರಿ ಅತ್ತಿದ್ದೇನೆ.

ಅವತ್ತೇ ಮಷಿನ್ ಎತ್ತಿ ಪುಸ್ತಕ ಹೊರಗೆಳೆದೆ. ರಟ್ಟಿನ ಮೇಲೆ ಕಾಲಿನ ಗುರುತು ಬಿದ್ದಿದೆ, ಬೇಜಾರು ಮಾಡಿಕೊಳ್ಳಬೇಡ. ಬಾಗಿಲು ಹಾಕಿಕೊಂಡು ಓದಿದೆ. ಐವತ್ತೆಂಟು ವರ್ಷ ಹೊತ್ತು ತಿರುಗಿದ್ದು ಹೇಗಿದೆ ಅಂತ ನೀನು ಹಾಕಿಸಿದ ಚಿತ್ರದಲ್ಲಿ ಮೊದಲ ಸಲ ನೋಡಿದೆ. ಹೆಂಗಸಿನ ಸುಖದ ಬಗ್ಗೆ ಬರೆದ ಅಧ್ಯಾಯ ಓದಿ, ಎದ್ದು ಹೋಗಿ ನೀರು ಕುಡಿದು ಬಂದು, ಮತ್ತೆ ಮೊದಲಿಂದ ಓದಿದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದರೂ ಹೀಗೊಂದು ಜಾಗ ಇದೆ ಅಂತ ನನಗೂ ಗೊತ್ತಿರಲಿಲ್ಲ, ನಿಮ್ಮಪ್ಪನಿಗೂ ಗೊತ್ತಿರಲಿಲ್ಲ. ಅವರನ್ನೇನು ಅನ್ನುವುದು ಪಾಪ, ವಿಳಾಸವೇ ಬರೆಯದಿದ್ದರೆ ಟಪಾಲಿನವರು ಏನು ಮಾಡಿಯಾರು? ಸಾಲದ್ದಕ್ಕೆ ದೀಪ ಬೇರೆ ನಾನೇ ಆರಿಸುತ್ತಿದ್ದೆ. ಅವರು ಬದುಕಿದ್ದಿದ್ದರೆ ಆ ಪುಟದ ಮೂಲೆ ಮಡಿಚಿ, ಅವರ ಕನ್ನಡಕದ ಪಕ್ಕ ಇಟ್ಟು, ಅಡಿಗೆಮನೆಗೆ ಓಡಿಹೋಗುತ್ತಿದ್ದೆ.

ಆಮೇಲೆ ಅಭ್ಯಾಸ ಶುರುಮಾಡಿದೆ. ಯೋನಿ. ಗರ್ಭಕೋಶ. ಪಕ್ಕದ ಮನೆಗೆ ಕೇಳಬಾರದು ಅಂತ ಮಷಿನ್ ಜೋರಾಗಿ ತುಳಿಯುತ್ತಾ ಅದರ ಸದ್ದಿನೊಳಗೆ ಕೂಗಿ ಕೂಗಿ ಕಲಿತೆ. ಎಡವಟ್ಟಾದದ್ದೇ ಅಲ್ಲಿ. ಆಸ್ಪತ್ರೆಯಲ್ಲಿ ಮಷಿನ್ ಇರಲಿಲ್ಲ, ದನಿ ಮಾತ್ರ ಅಷ್ಟೇ ಇತ್ತು. ಯೋನಿಯಿಂದ ರಕ್ತ ಹೋಗ್ತಿದೆ, ಮುಟ್ಟು ನಿಂತು ಆರು ವರ್ಷ ಆಯ್ತು ಅಂತ ನಾನು ಹೇಳಿದ್ದು ಔಷಧಿ ಕಿಟಕಿಯವರೆಗೂ ಕೇಳಿಸಿತು. ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ಅಷ್ಟರಲ್ಲಿ ಹಿಂದಿದ್ದ ಅಜ್ಜಿಯೊಬ್ಬರು ನನ್ನ ಸೊಂಟ ತಿವಿದು, ತಾಯಿ, ನಂದೂ ಅದೇ ಕಣಮ್ಮ, ನನ್ನ ಪರವಾಗಿಯೂ ಒಂದ್ಸಲ ಹೇಳಿಬಿಡು ಅಂದರು. ಹೇಳಿದೆ. ಇಬ್ಬರೂ ಕೈ ಹಿಡಿದುಕೊಂಡು ಮೇಲಿನ ಮಹಡಿಗೆ ಹತ್ತಿದೆವು.

ಡಾಕ್ಟರಮ್ಮ ಒಳ್ಳೆಯವರು. ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟ್ ಇನ್ನೂ ಬಂದಿಲ್ಲ. ನೀನು ಕೆಲಸ ಬಿಟ್ಟು ಓಡಿಬರುವಂಥದ್ದೇನಿಲ್ಲ.

ನಿನಗೆ ಅವತ್ತು ಹೇಳಿದ ಎರಡು ಮಾತಿನಲ್ಲಿ ಮೊದಲನೆಯದು ಸರಿಯಾಗಿಯೇ ಇದೆ. ಎರಡನೆಯದನ್ನು ವಾಪಸು ತೆಗೆದುಕೊಂಡಿದ್ದೇನೆ. ನನ್ನಮ್ಮ ನನಗೆ ಹೇಳಿದ್ದೂ ಅಷ್ಟೇ ಕಣೇ. ಅವಳಿಗೆ ಅಷ್ಟನ್ನೂ ಯಾರೂ ಹೇಳಿರಲಿಲ್ಲ. ನಿನ್ನ ಮೇಲೆ ಕೂಗಾಡಿದ್ದು ತಪ್ಪು. ನಿನ್ನನ್ನು ನೆನೆಯದ ದಿನ ಈ ಹನ್ನೊಂದು ತಿಂಗಳಲ್ಲಿ ಒಂದೂ ಇಲ್ಲ.

ಬೈದರೂ ನಿನ್ನವಳೇ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ರಿಪೋರ್ಟ್ ಬಂದಿಲ್ಲ ಅಂದೆನಲ್ಲ, ಅದು ಸುಳ್ಳು. ನಿನ್ನೆ ಬಂತು. ಕ್ಯಾನ್ಸರ್. ಇನ್ನೂ ಹೊರಗೆ ಹರಡಿದ ಹಾಗಿಲ್ಲ, ಬೇಗ ಬಂದಿರಿ, ಒಳ್ಳೆಯದಾಯಿತು ಅಂದರು ಡಾಕ್ಟರಮ್ಮ. ಮುಲಾಮಿನ ಕಥೆ ನಾನು ಅವರಿಗೆ ಹೇಳಿಲ್ಲ. ಮುಂದಿನ ಬುಧವಾರ ಗರ್ಭಕೋಶ ತೆಗೆಯುತ್ತಾರೆ. ಇಡೀ ಲೋಕದಲ್ಲಿ ಅದರೊಳಗೆ ವಾಸವಿದ್ದವಳು ನೀನೊಬ್ಬಳೇ. ಅದನ್ನು ಕಳಿಸಿಕೊಡಲು ನೀನು ಬರಬೇಕು. ಬಾ ಮಗಳೇ, ನನಗೆ ಭಯವಾಗುತ್ತಿದೆ.